ಲಕ್ಷ ಮೊಟ್ಟೆ ಇಟ್ಟರೂ ಹೊಳೆ ತುಂಬದ ಬಳಚು

ಪ್ರಶ್ನೆ: ಒಂದು ಬಳಚು (ಮರಳಿನಲ್ಲಿ ಹುದುಗಿರುವ ಎರಡು ಚಿಪ್ಪಿನ ಜೀವಿ) ಲಕ್ಷಗಟ್ಟಲೆ ಮೊಟ್ಟೆ ಬಿಡುತ್ತದಂತೆ. ಆದರೂ ಅಘನಾಶಿನಿ ಅಳಿವೆಯಲ್ಲಿ ಒಂದು ವರ್ಷ ಬುಟ್ಟಿ ತುಂಬುತ್ತದೆ, ಮರುವರ್ಷ ಹುಡುಕಿದರೂ ಸಿಗುವುದಿಲ್ಲ. ತೆಗೆಯುವವರು ಹೆಚ್ಚಾದದ್ದೇ ಕಾರಣವೇ? (ತದಡಿ)

ಉತ್ತರ: ಅವರನ್ನು ದೂರುವ ಮುನ್ನ ನೀರಿನ ಉಪ್ಪು ನೋಡಿ. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಮಳೆಗಾಲದ ನೆರೆಗೆ ಅಳಿವೆ ಹೆಚ್ಚುಕಡಿಮೆ ಸಿಹಿಯಾಗುತ್ತದೆ. ಬಳಚು ಚಿಪ್ಪು ಬಿಗಿಹಿಡಿದು ಕೆಲವು ದಿನ ತಾಳಿಕೊಳ್ಳುತ್ತದೆ. ಸಿಹಿನೀರು ಬಹಳ ದಿನ ನಿಂತು, ಮೇಲೆ ಕೆಸರೂ ಕೂತರೆ ಸಾಯುತ್ತದೆ. ಅಲ್ಲಿ ಹತ್ತಿದ್ದರೂ ಸಾವಿರವಿದ್ದರೂ ನೆರೆಗೆ ಒಂದೇ. ಆಹಾರದ ಲೆಕ್ಕ ಹಾಗಲ್ಲ. ನೀರು ಸೋಸಿ ಸೂಕ್ಷ್ಮ ಪಾಚಿ ತಿನ್ನುವ ಜೀವಿಯಿದು; ಒತ್ತೊತ್ತಾಗಿದ್ದಷ್ಟೂ ಒಂದೊಂದರ ಪಾಲು ಕಡಿಮೆ, ಬೆಳವಣಿಗೆಯೂ ನಿಧಾನ. ಇನ್ನು ಆ ಲಕ್ಷ ಮೊಟ್ಟೆ? ಮರಿಗಳು ಮೊದಲ ದಿನಗಳಲ್ಲಿ ನೀರಿನಲ್ಲಿ ತೇಲುತ್ತಿರುತ್ತವೆ. ಬಹುಪಾಲು ಮೀನಿನ ಬಾಯಿಗೆ, ಇಲ್ಲವೇ ಇಳಿತದ ಜೊತೆ ಕಡಲಿಗೆ.

ನಿಮ್ಮಲ್ಲಿ ಯಾವುದು ನಡೆದಿದೆಯೆಂದು ಎಣಿಸಿಯೇ ತಿಳಿಯಬೇಕು. 50 ಸೆಂ.ಮೀ. ಉದ್ದಗಲದ ಚೌಕಟ್ಟನ್ನು ಇಳಿತದ ಹೊತ್ತಿನಲ್ಲಿ ಹತ್ತು ಕಡೆ ಇಟ್ಟು, 10 ಸೆಂ.ಮೀ. ಆಳದವರೆಗಿನ ಮರಳನ್ನು 5 ಮಿ.ಮೀ. ಕಣ್ಣಿನ ಜರಡಿಯಲ್ಲಿ ತೊಳೆಯಿರಿ. ಸರಾಸರಿಯನ್ನು 4ರಿಂದ ಗುಣಿಸಿದರೆ ಒಂದು ಚದರ ಮೀಟರಿನ ಸಂಖ್ಯೆ. ಬಳಚು ಕಂಡಲ್ಲೇ ಚೌಕಟ್ಟು ಇಡುವ ಆಸೆ ಎಲ್ಲರಿಗೂ ಇರುತ್ತದೆ, ಲೆಕ್ಕ ಕೆಡುವುದೂ ಅದರಿಂದಲೇ. ಹೆಜ್ಜೆ ಎಣಿಸಿ ಸಮ ಅಂತರದಲ್ಲಿ ಇಡಿ.

ಮಳೆ ಮುಗಿದ ಮೇಲೆ ಜೋಡಿ ಬಿಡದ ಖಾಲಿ ಚಿಪ್ಪುಗಳು ಸಣ್ಣದು ದೊಡ್ಡದೆನ್ನದೆ ಸಿಕ್ಕರೆ ನೆರೆಯ ಮೇಲೆ ಅನುಮಾನಪಡಿ. ಚಿಪ್ಪಿನಲ್ಲಿ ಗುಂಡನೆಯ ತೂತಿದ್ದರೆ ಅದು ಕೊರೆದು ತಿನ್ನುವ ಶಂಖದಹುಳುವಿನ ಕೆಲಸ. ದೊಡ್ಡವಷ್ಟೇ ಇದ್ದರೆ ಆ ಸಾಲಿನ ಮರಿಗಳು ನೆಲ ಹಿಡಿದಿಲ್ಲ. ಮರಿಗಳಿದ್ದು, ಬೆಳೆದವೂ ಇಲ್ಲದೆ ಅವುಗಳ ಖಾಲಿ ಚಿಪ್ಪೂ ಇಲ್ಲದಿದ್ದರೆ, ಆಗ ತೆಗೆಯುವವರನ್ನು ಕೇಳಬಹುದು. ಎಣಿಸಿದ ಮರಿಗಳನ್ನು ಅಲ್ಲೇ ವಾಪಸು ಬಿಡಿ.

ಪ್ರಶ್ನೆ: ತೋಟದಂಚಿನಲ್ಲಿ ಅತ್ತಿ, ಆಲ ಬೆಳೆಸಿದರೆ ಮಂಗಟ್ಟೆ ಹಕ್ಕಿಗಳು (ಹಾರ್ನ್‌ಬಿಲ್) ಹೆಚ್ಚುತ್ತವೆಯೇ? (ಶಿರಸಿ)

ಉತ್ತರ: ಹಣ್ಣಿಗೆ ಬಂದಾವು, ಗೂಡು ಹೆಚ್ಚಲಿಕ್ಕಿಲ್ಲ. ಮಂಗಟ್ಟೆಗೆ ಮರಕುಟಿಗನಂತೆ ಕೊರೆಯಲು ಬಾರದು. ಹೆಣ್ಣು ಪೊಟರೆಯೊಳಗೆ ಸೇರಿ, ಪೊಟರೆಯ ಬಾಯಿ ಮುಚ್ಚಿಕೊಂಡು, ಸಂದಿಯಿಂದ ಗಂಡು ಕೊಡುವ ಆಹಾರ ತಿನ್ನುತ್ತದೆ. ಅದು ಹಿಡಿಸುವಷ್ಟು ದೊಡ್ಡ ಪೊಟರೆ ಸಿಗುವುದು ಹಳೆಯ ದಪ್ಪ ಮರಗಳಲ್ಲಿ. ಹಣ್ಣು ಇಮ್ಮಡಿಯಾದರೂ ಪೊಟರೆ ಎರಡೇ ಇದ್ದರೆ ಗೂಡೂ ಎರಡೇ. ಸೊಪ್ಪಿನ ಬೆಟ್ಟದಲ್ಲಿ (ತೋಟಕ್ಕೆ ಸೊಪ್ಪು ತರುವ ಕಾಡಿನಲ್ಲಿ) ಪೊಟರೆ ಬಿದ್ದ ಮುದಿ ಮರವಿದ್ದರೆ ಸೌದೆಗೆಂದು ಕಡಿಯಬೇಡಿ. ಅತ್ತಿ ಸಸಿ ಆಮೇಲೆ ನೆಡಬಹುದು.