ಲಿಸ್ಪ್: ಹ್ಯಾಂಡ್ಲರ್ ಇದ್ದರೂ ಡಿಬಗ್ಗರ್ ಏಕೆ?

ಪ್ರಶ್ನೆ: ಪ್ರೋಗ್ರಾಮಿಂಗ್ ಭಾಷೆಯಾದ ಕಾಮನ್ ಲಿಸ್ಪ್‌ನಲ್ಲಿ ‘ಸೇಫ್’ ಎಂಬ ಫಂಕ್ಷನ್ ಬರೆದು ಒಳಗೆ, ಎರರ್ ಹಿಡಿದು ಬದಲಿ ಬೆಲೆ ಕೊಡಲು, ಹ್ಯಾಂಡ್ಲರ್-ಕೇಸ್ ಇಟ್ಟಿದ್ದೇನೆ. ಆದರೂ (ಸೇಫ್ (/ 10 ಎನ್) 0) ಎಂದು ಕರೆದಾಗ, ಎನ್ ಸೊನ್ನೆಯಾಗಿದ್ದರೆ ಡಿಬಗ್ಗರ್ (ಓಟ ನಿಲ್ಲಿಸಿ ತಪ್ಪು ತೋರಿಸುವ ಸಾಧನ) ತೆರೆದುಕೊಳ್ಳುತ್ತದೆ. ಏಕೆ?

ಉತ್ತರ: ಫಂಕ್ಷನ್ನಿನೊಳಗೆ ಕಾಲಿಡುವ ಮೊದಲೇ ಅದಕ್ಕೆ ಕೊಟ್ಟ ಆರ್ಗ್ಯುಮೆಂಟ್‌ಗಳೆಲ್ಲ ಎಡದಿಂದ ಬಲಕ್ಕೆ ಲೆಕ್ಕವಾಗಿ ಮುಗಿದಿರಬೇಕು. ಭಾಗಾಕಾರ ಕೆಟ್ಟಾಗ ನಿಮ್ಮ ಹ್ಯಾಂಡ್ಲರ್ ಇನ್ನೂ ಹುಟ್ಟೇ ಇಲ್ಲ. ಹಾಗಾಗಿ ಲೆಕ್ಕವನ್ನು ಮಾಡದೆಯೇ ಒಳಗೆ ಕಳಿಸಿ: ಮೊದಲ ಆರ್ಗ್ಯುಮೆಂಟನ್ನು (ಲ್ಯಾಂಬ್ಡಾ () (/ 10 ಎನ್)) ಎಂದು ಹೆಸರಿಲ್ಲದ ಫಂಕ್ಷನ್ನಾಗಿ ಬರೆದು, ಹ್ಯಾಂಡ್ಲರ್-ಕೇಸ್ ಒಳಗೆ ಅದನ್ನು ಫನ್‌ಕಾಲ್ ಮಾಡಿ, ಅಂದರೆ ಕರೆಯಿರಿ. ಪ್ರತಿ ಸಲ ಲ್ಯಾಂಬ್ಡಾ ಬರೆಯುವುದು ಬೇಸರವೆನಿಸಿದರೆ, ಕೋಡನ್ನು ಲೆಕ್ಕ ಮಾಡದೆ ಪಡೆದು ಬೇರೆ ಕೋಡಾಗಿ ಬದಲಿಸುವ ಮ್ಯಾಕ್ರೋ ಬರೆಯಲು ಡೆಫ್‌ಮ್ಯಾಕ್ರೋ ಬಳಸಿ. ಅದರ ಒಡಲು ಇಷ್ಟೇ:

`(ಹ್ಯಾಂಡ್ಲರ್-ಕೇಸ್ ,ಫಾರ್ಮ್ (ಎರರ್ () ,ಬದಲಿ))

ಇಲ್ಲಿ ಫಾರ್ಮ್ ಎಂದರೆ ನಡೆಸಬೇಕಾದ ಕೋಡ್, ಬದಲಿ ಎಂದರೆ ಎರಡನೇ ಆರ್ಗ್ಯುಮೆಂಟ್; ಬದಲಿ ಲೆಕ್ಕವಾಗುವುದು ಎರರ್ ಬಂದಾಗ ಮಾತ್ರ. ಎರರ್ ಪಕ್ಕದ ಆವರಣವನ್ನು ಬೇಕೆಂದೇ ಖಾಲಿ ಬಿಟ್ಟಿದೆ. ಅಲ್ಲಿ ‘ಇ’ ಎಂದು ಹೆಸರಿಟ್ಟರೆ, ಬಳಸುವವರ ಬದಲಿಯಲ್ಲೂ ‘ಇ’ ಇದ್ದಾಗ ಅವರ ಬೆಲೆಯ ಜಾಗದಲ್ಲಿ ಕಂಡಿಷನ್ ಆಬ್ಜೆಕ್ಟ್ (ಎರರ್‌ನ ವಿವರ ಹೊತ್ತ ವಸ್ತು) ಬಂದು ಕೂರುತ್ತದೆ. ಇನ್ನೊಂದು, ಮ್ಯಾಕ್ರೋವನ್ನು ಫಂಕ್ಷನ್ನಿನಂತೆ, ಪಟ್ಟಿಯ ಪ್ರತಿ ಅಂಶಕ್ಕೂ ಫಂಕ್ಷನ್ ನಡೆಸುವ ಮ್ಯಾಪ್‌ಕಾರ್‌ಗೆ ಕೊಡಲಾಗದು.

ಪ್ರಶ್ನೆ: ದೊಡ್ಡ ಫೈಲ್ ಓದುವಾಗ ಒಂದು ಸಾಲು ಕೆಟ್ಟಿದ್ದರೂ ಇಡೀ ಲೂಪ್ ನಿಂತುಹೋಗುತ್ತದೆ. ಹ್ಯಾಂಡ್ಲರ್-ಕೇಸ್ ಲೂಪಿನ ಹೊರಗಿದೆ.

ಉತ್ತರ: ನಿಲ್ಲಲೇಬೇಕು. ಹ್ಯಾಂಡ್ಲರ್-ಕೇಸ್ ಮೊದಲು ಸ್ಟ್ಯಾಕನ್ನು (ನಡೆಯುತ್ತಿರುವ ಕರೆಗಳ ಸರಣಿಯನ್ನು) ಬಿಚ್ಚಿಹಾಕಿ, ಆಮೇಲೆ ನಿಮ್ಮ ಕೋಡ್ ನಡೆಸುತ್ತದೆ. ಅಷ್ಟರಲ್ಲಿ ಲೂಪ್ ಹೋಗಿಬಿಟ್ಟಿರುತ್ತದೆ. ಸಣ್ಣ ಕೆಲಸಕ್ಕೆ ಅದನ್ನೇ ಲೂಪಿನ ಒಳಗೆ ತಂದರೆ ಸಾಕು. ಬಿಡಬೇಕೋ ನಿಲ್ಲಿಸಬೇಕೋ ಎಂಬ ತೀರ್ಮಾನ ಹೊರಗೇ ಇರಬೇಕೆಂದರೆ, ಪ್ರತಿ ಸಾಲಿನ ಕೆಲಸವನ್ನು ರೀಸ್ಟಾರ್ಟ್-ಕೇಸ್‌ನಲ್ಲಿ ಸುತ್ತಿ (ಸಾಲು-ಬಿಡು () ನಿಲ್) ಎಂಬ ರೀಸ್ಟಾರ್ಟ್ (ಕೆಲಸ ಮುಂದುವರಿಸುವ ದಾರಿ) ಕೊಡಿ. ಹೊರಗಿನ ಹ್ಯಾಂಡ್ಲರ್-ಬೈಂಡ್‌ನಲ್ಲಿ (ಇನ್ವೋಕ್-ರೀಸ್ಟಾರ್ಟ್ 'ಸಾಲು-ಬಿಡು) ಎಂದು ಕರೆಯಿರಿ. ಹ್ಯಾಂಡ್ಲರ್-ಬೈಂಡ್ ಓಡುವಾಗ ಸ್ಟ್ಯಾಕ್ ಇನ್ನೂ ಹಾಗೇ ಇರುತ್ತದೆ, ಬ್ಯಾಕ್‌ಟ್ರೇಸ್ (ಆ ಕರೆಗಳ ಪಟ್ಟಿ) ಬೇಕಿದ್ದರೆ ಅಲ್ಲೇ ಬರೆದಿಟ್ಟುಕೊಳ್ಳಿ. ಹೆಚ್ಚಿನವರು ಎಡವುವುದು ಇಲ್ಲಿ: ಹ್ಯಾಂಡ್ಲರ್ ಬರೀ ಸಂದೇಶ ಮುದ್ರಿಸಿ ಹಿಂದಿರುಗಿದರೆ ‘ಇದು ನನ್ನ ಪಾಲಿನದಲ್ಲ’ ಎಂದಂತೆ. ಲಿಸ್ಪ್ ಅದರಾಚೆಯ ಹ್ಯಾಂಡ್ಲರ್ ಹುಡುಕುತ್ತದೆ. ಯಾವುದೂ ಸಿಗದಿದ್ದರೆ ಮತ್ತೆ ಡಿಬಗ್ಗರೇ.

ಪ್ರಶ್ನೆ: ಇಷ್ಟೆಲ್ಲ ಏಕೆ? ಇಗ್ನೋರ್-ಎರರ್ಸ್ ಸಾಲದೇ?

ಉತ್ತರ: ಎರರ್ ಬಂದಾಗ ಅದು ನಿಲ್ (ಖಾಲಿ ಅಥವಾ ಸುಳ್ಳು ಎಂಬ ಬೆಲೆ) ಕೊಡುತ್ತದೆ. ನಿಮ್ಮ ಸರಿಯಾದ ಉತ್ತರವೂ ನಿಲ್ ಆಗಬಹುದಾದರೆ ಎರಡನೇ ಬೆಲೆಯಾಗಿ ಬರುವ ಕಂಡಿಷನ್ನನ್ನು ಮಲ್ಟಿಪಲ್-ವ್ಯಾಲ್ಯೂ-ಬೈಂಡ್‌ನಿಂದ ಹಿಡಿದು ನೋಡಬೇಕು. ಮೆಮೊರಿ ಸಾಲದಾದಾಗ ಬರುವ ಸ್ಟೋರೇಜ್-ಕಂಡಿಷನ್ ಮಾತ್ರ ಇದರ ಕೈಗೆ ಸಿಗದು. ಅದು ಎರರ್ ಜಾತಿಯದಲ್ಲ, ಸೀರಿಯಸ್-ಕಂಡಿಷನ್ ಜಾತಿಯದು.