ದೇವರು ಬದಲಾಗದವನಾದರೆ ನನ್ನ ಪ್ರಾರ್ಥನೆ ಏನಾಯಿತು?

ಪ್ರಶ್ನೆ: ಮಾನ್ಯರೇ, ನಮ್ಮ ಯಜಮಾನರು ಮೂರು ವರ್ಷ ಕಿಡ್ನಿ ಕಾಯಿಲೆಯಿಂದ ನರಳಿ ಕಳೆದ ಮಳೆಗಾಲದಲ್ಲಿ ತೀರಿಕೊಂಡರು. ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಕರೆದುಕೊಂಡು ಹೋಗುತ್ತಿದ್ದ ಆ ದಿನಗಳಲ್ಲಿ ಶುಕ್ರವಾರದ ಉಪವಾಸ ಪ್ರಾರ್ಥನೆಯನ್ನು ನಾನು ಒಂದು ವಾರವೂ ತಪ್ಪಿಸಲಿಲ್ಲ. ಅದೇ ವಾರ್ಡಿನಲ್ಲಿದ್ದ ಮತ್ತೊಬ್ಬರು ಚೇತರಿಸಿಕೊಂಡು ನಮ್ಮ ಸಭೆಯಲ್ಲೇ ಸಾಕ್ಷಿ ಹೇಳಿದರು. ಇವರನ್ನು ಮಣ್ಣು ಮಾಡಿದ ಮೂರನೆಯ ದಿನ ಪ್ರಾರ್ಥನೆಯ ಗುಂಪಿನವರೊಬ್ಬರು ಮನೆಗೆ ಬಂದು, "ನಿಮ್ಮ ವಿಶ್ವಾಸದಲ್ಲಿ ಎಲ್ಲೋ ಕೊರತೆ ಇತ್ತು" ಎಂದು ಹೇಳಿ ಹೋದರು. ಹೊಸ ವರ್ಷದ ಆರಾಧನೆಯಲ್ಲಿ ನನಗೆ ಬಂದ ವಾಗ್ದಾನದ ಕಾರ್ಡಿನಲ್ಲಿ "ಯೇಸು ಕ್ರಿಸ್ತನು ನಿನ್ನೆ ಇದ್ದ ಹಾಗೆ ಈಹೊತ್ತೂ ಇದ್ದಾನೆ, ನಿರಂತರವೂ ಹಾಗೆಯೇ ಇರುವನು" ಎಂಬ ವಚನವಿತ್ತು. ಬೀರುವಿನ ಬಾಗಿಲಿಗೆ ಅಂಟಿಸಿರುವ ಅದನ್ನು ಈಗ ನೋಡಿದರೆ ಕಲ್ಲಿನ ಮುಂದೆ ನಿಂತಂತಾಗುತ್ತದೆ. ದೇವರು ಬದಲಾಗುವುದೇ ಇಲ್ಲವೆಂದರೆ ಪ್ರಾರ್ಥನೆ ಮಾಡುವುದು ಏಕೆ? ದೇವರು ಪಶ್ಚಾತ್ತಾಪಪಟ್ಟನೆಂದು ಸತ್ಯವೇದದಲ್ಲಿಯೇ ಇದೆಯಲ್ಲವೇ? ಆತನಿಗೆ ಶಕ್ತಿ ಇದ್ದದ್ದೇ ನಿಜವಾದರೆ ನಮ್ಮ ಪಾಲಿಗೆ ಅದು ಎಲ್ಲಿ ಹೋಯಿತು? ಕಾಲೇಜಿನಲ್ಲಿ ಓದುತ್ತಿರುವ ಮಗ ಚರ್ಚಿಗೆ ಬರುವುದನ್ನು ನಿಲ್ಲಿಸಿದ್ದಾನೆ. ಅವನಿಗೆ ನಾನು ಏನು ಹೇಳಲಿ?
— ಹೆಸರು ಪ್ರಕಟಿಸಬೇಡಿ, ಹಾಸನ ಜಿಲ್ಲೆ

ಉತ್ತರ: ಸಹೋದರಿ, ನೀವು ಕೇಳಿರುವ ಪ್ರಶ್ನೆಗಳಿಗೆ ಬರುವ ಮೊದಲು, ನೀವು ಪ್ರಶ್ನೆಯಾಗಿ ಕೇಳದೆ ಕೇವಲ ತಿಳಿಸಿರುವ ಒಂದು ಮಾತಿಗೆ ಉತ್ತರ ಹೇಳಬೇಕಾಗಿದೆ. ನಿಮ್ಮ ವಿಶ್ವಾಸದ ಕೊರತೆಯಿಂದ ನಿಮ್ಮ ಯಜಮಾನರು ತೀರಿಕೊಂಡರೆಂಬ ಮಾತು ಸುಳ್ಳು. ಹೇಳಿದವರ ಉದ್ದೇಶ ಏನೇ ಇರಲಿ, ಆ ಮಾತಿಗೆ ಸತ್ಯವೇದದ ಆಧಾರವಿಲ್ಲ.

ಅಪೊಸ್ತಲರ ಕೃತ್ಯಗಳ 12ನೆಯ ಅಧ್ಯಾಯವನ್ನು ಒಮ್ಮೆ ನಿಧಾನವಾಗಿ ಓದಿ. ಅದರ ಎರಡನೆಯ ವಚನದಲ್ಲಿ ಅರಸನಾದ ಹೆರೋದನು ಯೋಹಾನನ ಅಣ್ಣನಾದ ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸುತ್ತಾನೆ. ಅದೇ ಅಧ್ಯಾಯದಲ್ಲಿ, ಇಬ್ಬರು ಸಿಪಾಯಿಗಳ ನಡುವೆ ಎರಡು ಸರಪಣಿಗಳಲ್ಲಿ ಬಂಧಿತನಾಗಿ ಮಲಗಿದ್ದ ಪೇತ್ರನು ರಾತ್ರೋರಾತ್ರಿ ಬಿಡುಗಡೆಯಾಗುತ್ತಾನೆ. ಯೇಸುವಿಗೆ ಅತ್ಯಂತ ಹತ್ತಿರದವರಾಗಿದ್ದ ಇಬ್ಬರಲ್ಲಿ ಒಬ್ಬನು ಉಳಿದನು, ಒಬ್ಬನು ಉಳಿಯಲಿಲ್ಲ. ಆ ರಾತ್ರಿ ಮಾರ್ಕನ ತಾಯಿಯಾದ ಮರಿಯಳ ಮನೆಯಲ್ಲಿ ಪೇತ್ರನಿಗಾಗಿ ಅನೇಕರು ಪ್ರಾರ್ಥಿಸುತ್ತಿದ್ದರು. ಬಾಗಿಲು ತಟ್ಟಿದ ಸದ್ದು ಕೇಳಿ ಬಂದ ರೋದೆ ಎಂಬ ಹುಡುಗಿ ಪೇತ್ರನ ಧ್ವನಿಯನ್ನು ಗುರುತಿಸಿ, ಸಂತೋಷದಲ್ಲಿ ಬಾಗಿಲು ತೆರೆಯುವುದನ್ನೂ ಮರೆತು ಒಳಗೆ ಓಡಿ ತಿಳಿಸಿದಾಗ, ಪ್ರಾರ್ಥಿಸುತ್ತಿದ್ದ ಆ ಜನರೇ "ನಿನಗೆ ಹುಚ್ಚು" ಎಂದರು. ಪೇತ್ರನು ಹೊರಗೆ ನಿಂತು ಬಾಗಿಲು ತಟ್ಟುತ್ತಲೇ ಇದ್ದನು. ಬಿಡುಗಡೆಯ ಸುದ್ದಿಯನ್ನೇ ನಂಬದಿದ್ದವರಿಗೆ ಬಿಡುಗಡೆ ದೊರೆಯಿತು. ಯಾಕೋಬನ ವಿಷಯದಲ್ಲಿ ಸಭೆಯವರ ವಿಶ್ವಾಸ ಕಡಿಮೆಯಾಗಿತ್ತೆಂದು ಆ ಗ್ರಂಥವನ್ನು ಬರೆದ ಲೂಕನು ಒಂದಕ್ಷರವನ್ನೂ ಬರೆದಿಲ್ಲ. ಅವನು ಕಾರಣವನ್ನೇ ಕೊಡುವುದಿಲ್ಲ. ಲೂಕನು ಕೊಡದ ಕಾರಣವನ್ನು ನಿಮ್ಮ ಮನೆಯ ಜಗಲಿಯ ಮೇಲೆ ಕುಳಿತು ಕೊಡುವ ಅಧಿಕಾರ ಯಾರಿಗೂ ಇಲ್ಲ.

ಇನ್ನು ದೇವರು ಬದಲಾಗುವುದಿಲ್ಲವೆಂಬ ಮಾತು ಕಲ್ಲಿನಂತೆ ಕಾಣುತ್ತದೆ ಎಂದಿದ್ದೀರಿ. ಆ ಮಾತು ಸತ್ಯವೇದದಲ್ಲಿ ಎಲ್ಲಿ, ಯಾರ ಬಾಯಿಂದ ಬಂದಿದೆ ಎಂಬುದನ್ನು ನೋಡಿದರೆ ನಿಮಗೆ ಆಶ್ಚರ್ಯವಾಗಬಹುದು. 102ನೆಯ ಕೀರ್ತನೆಯ ತಲೆಬರಹವೇ ಅದು ಕುಗ್ಗಿಹೋದ ಬಾಧಿತನೊಬ್ಬನ ಮೊರೆ ಎಂದು ತಿಳಿಸುತ್ತದೆ. ಮುಂದೆ ಅವನು ತನ್ನ ಸ್ಥಿತಿಯನ್ನು ಹೇಳಿಕೊಳ್ಳುತ್ತಾನೆ: ದಿನಗಳು ಹೊಗೆಯಂತೆ ಮುಗಿದುಹೋಗುತ್ತಿವೆ, ಎಲುಬುಗಳು ಒಲೆಯಂತೆ ಉರಿಯುತ್ತಿವೆ, ಊಟ ಮಾಡುವುದೇ ಮರೆತುಹೋಗಿದೆ, ಎಲುಬು ಚರ್ಮಕ್ಕೆ ಅಂಟಿಕೊಂಡಿದೆ. ನಿದ್ದೆ ಇಲ್ಲ, ಮಾಳಿಗೆಯ ಮೇಲೆ ಒಂಟಿಯಾಗಿ ಕುಳಿತ ಹಕ್ಕಿಯಂತೆ ಇದ್ದೇನೆ ಎನ್ನುತ್ತಾನೆ. ಕುಡಿಯುವ ನೀರಿನಲ್ಲಿ ಕಣ್ಣೀರು ಬೆರೆತಿದೆ ಎನ್ನುತ್ತಾನೆ. ಕುಡಿಯುವ ನೀರನ್ನೂ ಅಳತೆ ಮಾಡಿ ಕೊಡಬೇಕಾಗಿದ್ದ ಮನೆಯಲ್ಲಿ ಮೂರು ವರ್ಷ ಕಳೆದ ನಿಮಗೆ ಈ ಸಾಲನ್ನು ನಾನು ವಿವರಿಸಬೇಕಾಗಿಲ್ಲ. ಆಯುಷ್ಯದ ನಡುವಿನಲ್ಲಿಯೇ ನನ್ನನ್ನು ಎತ್ತಿಕೊಳ್ಳಬೇಡ ಎಂಬುದು ಅವನ ಬೇಡಿಕೆ.

ಆ ಹಾಸಿಗೆಯಿಂದಲೇ, ಆ ಬೇಡಿಕೆಯ ಬೆನ್ನಿಗೇ, ಭೂಮಿಯೂ ಆಕಾಶವೂ ಬಟ್ಟೆಯಂತೆ ಹಳತಾಗುತ್ತವೆ, ನೀನು ಅವುಗಳನ್ನು ಉಡುಪಿನಂತೆ ಬದಲಿಸುತ್ತೀ, ನೀನಾದರೋ ಹಾಗೆಯೇ ಇರುತ್ತೀ ಎಂಬ ಮಾತು ಬರುತ್ತದೆ. ದೇವರು ಮಾರ್ಪಡದವನೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ವಚನ ಹಳೆಯ ಒಡಂಬಡಿಕೆಯಲ್ಲಿ ವಿರಳ. ಅದನ್ನು ಹೇಳಿದವನು ಕುಳಿತು ತತ್ತ್ವವಿಚಾರ ಮಾಡುತ್ತಿದ್ದ ಪಂಡಿತನಲ್ಲ, ತನ್ನ ದೇಹ ಕಣ್ಣೆದುರಿಗೇ ಹಳತಾಗುತ್ತಿರುವುದನ್ನು ಕಂಡು ಹಳತಾಗದ ಒಂದನ್ನು ಹಿಡಿದುಕೊಳ್ಳಲು ಕೈಚಾಚಿದ ರೋಗಿ. ಅವನು ಗುಣವಾದನೋ ಇಲ್ಲವೋ ಎಂಬುದನ್ನು ಕೀರ್ತನೆ ತಿಳಿಸುವುದಿಲ್ಲ.

ಪ್ರಲಾಪಗಳ ಗ್ರಂಥದಲ್ಲಿಯೂ ಹೀಗೆಯೇ ಇದೆ. ಬಾಬಿಲೋನಿನವರು ಯೆರೂಸಲೇಮನ್ನು ಸುಟ್ಟ ಮೇಲೆ ಬರೆದ ಶೋಕಗೀತೆಗಳು ಅವು. ಮೂರನೆಯ ಅಧ್ಯಾಯದ 66 ವಚನಗಳು ಹೀಬ್ರೂ ವರ್ಣಮಾಲೆಯ 22 ಅಕ್ಷರಗಳನ್ನು ಅನುಸರಿಸಿ, ಒಂದೊಂದು ಅಕ್ಷರಕ್ಕೆ ಮೂರು ಮೂರು ವಚನಗಳಂತೆ ಸಾಗುತ್ತವೆ. ಅಳುವಾಗಲೂ ಒಂದು ಕ್ರಮವನ್ನು ಹಿಡಿದುಕೊಂಡು ಅಳುವ ಕವಿ ಅವನು. ಎಂಟನೆಯ ಅಕ್ಷರವಾದ 'ಖೇತ್' ಬಂದಾಗ 'ಖೆಸೆದ್' ಎಂಬ ಪದವನ್ನು ಅವನು ಆರಿಸಿಕೊಳ್ಳುತ್ತಾನೆ. ಕೃಪೆ ಎಂದೂ ಕರುಣೆ ಎಂದೂ ನಮ್ಮ ಭಾಷಾಂತರಗಳಲ್ಲಿ ಬರುವ ಈ ಪದಕ್ಕೆ, ಕೊಟ್ಟ ಮಾತಿಗೆ ಬಿದ್ದು ಕೈಬಿಡದೆ ಪ್ರೀತಿಸುವುದು ಎಂಬಷ್ಟು ಅರ್ಥವಿದೆ. ಆ ಕರುಣೆ ಮುಗಿದುಹೋಗಿಲ್ಲ, ಬೆಳಗ್ಗೆ ಬೆಳಗ್ಗೆ ಹೊಸದಾಗುತ್ತದೆ ಎನ್ನುತ್ತಾನೆ. ಬದಲಾಗದೆ ಇರುವುದೇ ದಿನದಿನವೂ ಹೊಸದಾಗಿ ಬರುತ್ತದೆ ಎಂಬುದನ್ನು ಗಮನಿಸಿ. ಕಲ್ಲಿನಲ್ಲಿ ಅದು ಸಾಧ್ಯವಿಲ್ಲ. ಈ ವಚನಗಳನ್ನು ಮಾತ್ರ ಬರೆಯಿಸಿ ಗೋಡೆಗೆ ತೂಗುಹಾಕುವ ನಾವು, ಮುಂದಿನ ಅಧ್ಯಾಯದಲ್ಲಿ ಬಾಯಾರಿಕೆಯಿಂದ ನಾಲಿಗೆ ಒಣಗಿದ ಮಕ್ಕಳು ಬರುತ್ತಾರೆಂಬುದನ್ನೂ, ಆ ಗ್ರಂಥ "ನಮ್ಮನ್ನು ಪೂರ್ತಿಯಾಗಿ ತಳ್ಳಿಬಿಟ್ಟೆಯಾ" ಎಂಬ ಧಾಟಿಯ ನೋವಿನಲ್ಲಿಯೇ ಮುಗಿಯುತ್ತದೆಂಬುದನ್ನೂ ಮರೆತುಬಿಡುತ್ತೇವೆ. ಆ ನೋವೂ ದೇವರ ವಾಕ್ಯವೇ ಆಗಿದೆ.

ಮಲಾಕಿಯನ ಗ್ರಂಥದ 3ನೆಯ ಅಧ್ಯಾಯದ ಆರನೆಯ ವಚನದಲ್ಲಿ ದೇವರು "ನಾನು ಮಾರ್ಪಟ್ಟಿಲ್ಲ" ಎಂದು ಹೇಳಿ, ಆದುದರಿಂದಲೇ ನೀವು ನಾಶವಾಗಲಿಲ್ಲ ಎಂದು ಅದಕ್ಕೆ ಸೇರಿಸುತ್ತಾನೆ. ಮಾರ್ಪಡದಿರುವುದು ಇಲ್ಲಿ ಕರುಣೆಗೆ ಕಾರಣವಾಗಿದೆ. ನನ್ನ ಇಡೀ ಉತ್ತರ ಈ "ಆದುದರಿಂದಲೇ" ಎಂಬ ಮಾತಿನ ಮೇಲೆ ನಿಂತಿದೆ.

ಹಾಗಾದರೆ ದೇವರು ಪಶ್ಚಾತ್ತಾಪಪಟ್ಟದ್ದು ಹೇಗೆ? ಈ ಪ್ರಶ್ನೆಗೆ ಸಮುವೇಲನ ಮೊದಲನೆಯ ಗ್ರಂಥದ 15ನೆಯ ಅಧ್ಯಾಯಕ್ಕಿಂತ ಒಳ್ಳೆಯ ಜಾಗ ಇಲ್ಲ. ಸೌಲನನ್ನು ಇಸ್ರಾಯೇಲಿನ ಮೊದಲ ಅರಸನನ್ನಾಗಿ ಮಾಡಿದ್ದಕ್ಕೆ ದೇವರು ಪಶ್ಚಾತ್ತಾಪಪಟ್ಟನೆಂದು 11ನೆಯ ಮತ್ತು 35ನೆಯ ವಚನಗಳು ಹೇಳುತ್ತವೆ. ಪಶ್ಚಾತ್ತಾಪಪಡಲು ದೇವರು ಮನುಷ್ಯನಲ್ಲವೆಂದು ಅವೆರಡರ ನಡುವೆ 29ನೆಯ ವಚನ ಹೇಳುತ್ತದೆ. ಮೂರು ಕಡೆಯಲ್ಲಿಯೂ ಹೀಬ್ರೂ ಭಾಷೆಯ ಕ್ರಿಯಾಪದ ಒಂದೇ. ಬರೆದವನಿಗೆ ತಾನು ಬರೆದದ್ದು ತಿಳಿದೇ ಇತ್ತು. ದೇವರು ಜನರೊಂದಿಗೆ ನಿಜವಾಗಿ ವ್ಯವಹರಿಸುತ್ತಾನೆ, ಅವರು ದಾರಿ ತಪ್ಪಿದರೆ ನೊಂದುಕೊಳ್ಳುತ್ತಾನೆ, ತಿರುಗಿಕೊಂಡರೆ ದಂಡನೆಯನ್ನು ಹಿಂದೆಗೆಯುತ್ತಾನೆ ಎಂಬುದು ಒಂದು ಮುಖ. ಮನುಷ್ಯರಂತೆ ಇಂದು ಒಂದು ಮಾತು ನಾಳೆ ಇನ್ನೊಂದು ಮಾತು ಆಡುವವನಲ್ಲ ಎಂಬುದು ಇನ್ನೊಂದು ಮುಖ.

ಈ ಎರಡು ಮುಖಗಳ ನಂಟನ್ನು ಪ್ರವಾದಿಯಾದ ಯೋನನು ಸಿಟ್ಟಿನಲ್ಲಿ ಬಿಡಿಸಿ ಹೇಳಿದ್ದಾನೆ. ನಾಲ್ವತ್ತು ದಿನಗಳಲ್ಲಿ ನಿನೆವೆ ಪಟ್ಟಣ ಕೆಡವಲ್ಪಡುವುದೆಂದು ಸಾರಿದ್ದಾಯಿತು, ಊರಿನವರು ಗೋಣಿತಟ್ಟು ಉಟ್ಟು ದೇವರ ಕಡೆಗೆ ತಿರುಗಿಕೊಂಡರು, ಊರು ಉಳಿಯಿತು. ಆಗ ಯೋನನು, ನೀನು ಕನಿಕರವುಳ್ಳವನೂ ದೀರ್ಘಶಾಂತನೂ ಆಗಿದ್ದೀಯೆಂದು ನನಗೆ ಮೊದಲೇ ಗೊತ್ತಿತ್ತು, ಅದಕ್ಕಾಗಿಯೇ ನೀನು ಇಲ್ಲಿಗೆ ಕಳುಹಿಸಿದಾಗ ನಾನು ಮೊದಲು ಓಡಿಹೋದದ್ದು ಎಂದು ದೇವರ ಮೇಲೆಯೇ ದೂರುತ್ತಾನೆ. ಅವನು ಬಳಸುವ ಮಾತುಗಳು ವಿಮೋಚನಕಾಂಡದ 34ನೆಯ ಅಧ್ಯಾಯದಲ್ಲಿ ಸೀನಾಯಿ ಬೆಟ್ಟದ ಮೇಲೆ ಮೋಶೆಗೆ ದೇವರು ತನ್ನ ಗುಣವನ್ನು ಪ್ರಕಟಿಸಿದ ಮಾತುಗಳೇ. ತೀರ್ಪು ಬದಲಾಯಿತು, ಬದಲಾದದ್ದು ಗುಣ ಬದಲಾಗಿರಲಿಲ್ಲವಾದ್ದರಿಂದ. ದೇವರ ಗುಣ ದಿನಕ್ಕೊಂದು ಬಗೆಯಾಗಿದ್ದಿದ್ದರೆ ನಿನೆವೆಯವರು ತಿರುಗಿಕೊಂಡದ್ದಕ್ಕೆ ಅರ್ಥವೇ ಇರುತ್ತಿರಲಿಲ್ಲ.

ಪ್ರಾರ್ಥನೆಯ ಪ್ರಶ್ನೆಗೆ ಉತ್ತರವೂ ಇಲ್ಲಿಯೇ ಇದೆ. 13ನೆಯ ಶತಮಾನದ ದೇವಶಾಸ್ತ್ರಜ್ಞ ಥಾಮಸ್ ಅಕ್ವೈನಾಸ್, ದೇವರ ಸಂಕಲ್ಪವನ್ನು ಬದಲಿಸಲು ನಾವು ಪ್ರಾರ್ಥಿಸುವುದಿಲ್ಲ, ಪ್ರಾರ್ಥನೆಯ ಮೂಲಕವೇ ಕೊಡಬೇಕೆಂದು ದೇವರು ಸಂಕಲ್ಪಿಸಿರುವುದನ್ನು ಪಡೆಯಲು ಪ್ರಾರ್ಥಿಸುತ್ತೇವೆ ಎಂದು ವಿವರಿಸಿದನು. ಬೆಳೆ ಕೊಡುವವನು ಬಿತ್ತನೆಯ ಮೂಲಕ ಕೊಡುವ ಹಾಗೆ ಅದು. ಈ ವಿವರಣೆ ಸರಿಯಾದದ್ದೇ. ಆದರೆ ಬಿತ್ತಿ, ಕಾದು, ಬೆಳೆ ಕಾಣದವರ ಮುಂದೆ ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಅದು ನ್ಯಾಯವಲ್ಲ.

ಆದ್ದರಿಂದ ಯೇಸು ಸೆರೆಯಾಗುವ ಮುಂಚೆ ಪ್ರಾರ್ಥಿಸಿದ ಗೆತ್ಸೇಮನೆ ತೋಟಕ್ಕೆ ಬನ್ನಿ. "ಅಪ್ಪಾ, ತಂದೆಯೇ, ನಿನಗೆ ಎಲ್ಲವೂ ಸಾಧ್ಯ" ಎಂದು ಯೇಸು ಅಲ್ಲಿ ಪ್ರಾರ್ಥಿಸಿದನು. ಶಕ್ತಿಯ ವಿಷಯದಲ್ಲಿ ಆತನಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಈ ಪಾತ್ರೆಯನ್ನು, ಅಂದರೆ ಮುಂದಿದ್ದ ಬಾಧೆಯನ್ನು, ನನ್ನಿಂದ ತೊಲಗಿಸು ಎಂದು ಬೇಡಿದನು. ಪಾತ್ರೆ ತೊಲಗಲಿಲ್ಲ. ವಿಶ್ವಾಸವಿದ್ದರೆ ಬೇಡಿದ್ದು ಆಗಿಯೇ ತೀರುತ್ತದೆ ಎನ್ನುವವರು ಈ ತೋಟದ ಬಳಿ ಸ್ವಲ್ಪ ಹೊತ್ತು ನಿಲ್ಲಬೇಕು. ಆದರೆ ಇಬ್ರಿಯರಿಗೆ ಬರೆದ ಪತ್ರಿಕೆಯ 5ನೆಯ ಅಧ್ಯಾಯದ ಏಳನೆಯ ವಚನ ಇನ್ನೊಂದು ಮಾತನ್ನು ಹೇಳುತ್ತದೆ: ಮರಣದಿಂದ ತಪ್ಪಿಸಲು ಶಕ್ತನಾಗಿದ್ದಾತನಿಗೆ ಯೇಸು ಬಲವಾಗಿ ಕೂಗುತ್ತಾ ಕಣ್ಣೀರು ಸುರಿಸುತ್ತಾ ಪ್ರಾರ್ಥಿಸಿದನು, ಮತ್ತು ಆ ಪ್ರಾರ್ಥನೆ ಕೇಳಲ್ಪಟ್ಟಿತು. ಶಿಲುಬೆಯಲ್ಲಿ ಸತ್ತವನ ಪ್ರಾರ್ಥನೆ ಕೇಳಲ್ಪಟ್ಟಿತೆಂದು ಆ ಲೇಖಕನು ಹೇಗೆ ಬರೆದನು? ಸಮಾಧಿಯ ಈಚೆಗೆ ಮಾತ್ರ ನೋಡಿದ್ದರೆ ಅವನು ಹಾಗೆ ಬರೆಯಲು ಸಾಧ್ಯವಿರಲಿಲ್ಲ. ದೇವರ ಶಕ್ತಿ ಎಂದು ಕ್ರೈಸ್ತರು ಕರೆಯುವುದು ಕೊನೆಗೆ ಇದನ್ನೇ, ಸತ್ತವರನ್ನು ಎಬ್ಬಿಸುವ ಶಕ್ತಿಯನ್ನು. ವಾರ್ಡಿನಲ್ಲಿ ಗುಣವಾದವರ ಸಾಕ್ಷಿ ನಿಜ, ಅದಕ್ಕಾಗಿ ಸ್ತೋತ್ರ ಮಾಡೋಣ. ಆದರೆ ಅವರೂ ಒಂದು ದಿನ ಮರಣವನ್ನು ಎದುರಿಸುವವರೇ. ನಿಮ್ಮ ಯಜಮಾನರಿಗೂ ಅವರಿಗೂ ನಿಜವಾಗಿ ಬೇಕಾದ ಬಿಡುಗಡೆ ಒಂದೇ, ಮತ್ತು ಅದನ್ನು ಕೊಡುವವನ ಕೈಯಿಂದ ನಿಮ್ಮ ಯಜಮಾನರು ಜಾರಿಹೋಗಿಲ್ಲ. ಅವರಿಗೆ ಈಗಲೇ ಏಕೆ ಗುಣವಾಗಲಿಲ್ಲವೆಂಬುದಕ್ಕೆ ಸತ್ಯವೇದ ಕಾರಣ ಕೊಡುವುದಿಲ್ಲ. ಕೊಡುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ.

ಕ್ರಿ.ಶ. 325ರಲ್ಲಿ ನೈಸಿಯದಲ್ಲಿ ಸೇರಿದ ಸಭಾಧ್ಯಕ್ಷರು, ದೇವಕುಮಾರನು ಮಾರ್ಪಡತಕ್ಕವನೆಂದು ಹೇಳುವವರನ್ನು ಖಂಡಿಸಿದರು. ಹಳೆಯ ಕಾಲದ ಶಾಸ್ತ್ರಚರ್ಚೆಯಂತೆ ಕಾಣುವ ಆ ನಿರ್ಣಯ ನಿಮಗೂ ಸಂಬಂಧಪಟ್ಟದ್ದು. ಇಬ್ರಿಯರಿಗೆ ಬರೆದ ಪತ್ರಿಕೆಯ ಮೊದಲನೆಯ ಅಧ್ಯಾಯ ಆ ರೋಗಿಯ 102ನೆಯ ಕೀರ್ತನೆಯ ಮಾತುಗಳನ್ನೇ ಎತ್ತಿಕೊಂಡು ಯೇಸುವಿಗೆ ಅನ್ವಯಿಸುತ್ತದೆ. ಹಾಗಾದರೆ ಮಾರ್ಪಡದವನು ಯಾರು? ತೀರಿಕೊಂಡ ಗೆಳೆಯನಾದ ಲಾಜರನ ಸಮಾಧಿಯ ಹತ್ತಿರ ಅತ್ತವನು. ನಿನ್ನೆ ಹೇಗಿದ್ದನೋ ಈಹೊತ್ತೂ ಹಾಗೆಯೇ ಇದ್ದಾನೆಂದರೆ, ಲಾಜರನ ಸಹೋದರಿಯರಾದ ಮಾರ್ಥಳ ಮತ್ತು ಮರಿಯಳ ಪಕ್ಕದಲ್ಲಿ ನಿಂತು ಅತ್ತ ಆ ಮನಸ್ಸು ಈಗಲೂ ಹಾಗೆಯೇ ಇದೆಯೆಂದು ಅರ್ಥ.

ನಿಮ್ಮ ಕಾರ್ಡಿನಲ್ಲಿರುವುದು ಅದೇ ಪತ್ರಿಕೆಯ 13ನೆಯ ಅಧ್ಯಾಯದ ಎಂಟನೆಯ ವಚನ. ಕಾರ್ಡಿನಲ್ಲಿ ಜಾಗ ಸಾಲದೆ ಬಿಟ್ಟುಹೋಗುವ ಏಳನೆಯ ವಚನ, ನಿಮಗೆ ದೇವರ ವಾಕ್ಯವನ್ನು ತಿಳಿಸಿದ ಸಭಾನಾಯಕರನ್ನು ನೆನಪಿಸಿಕೊಳ್ಳಿರಿ, ಅವರು ತಮ್ಮ ಜೀವಿತವನ್ನು ಹೇಗೆ ಮುಗಿಸಿದರೆಂಬುದನ್ನು ಆಲೋಚಿಸಿರಿ ಎನ್ನುತ್ತದೆ. ಅಂದರೆ ತೀರಿಹೋದ ಪ್ರಿಯರನ್ನು ನೆನೆಯುತ್ತಿದ್ದ ಒಂದು ಸಭೆಗೆ ಬರೆದ ಮಾತು ಅದು. ಆ ವಚನದ ಪಕ್ಕದಲ್ಲಿ ನಿಮ್ಮ ಯಜಮಾನರ ಭಾವಚಿತ್ರವಿದ್ದರೆ ಅದು ತಕ್ಕ ಜಾಗವೇ.

ಮಗನ ವಿಷಯ. ಅವನನ್ನು ಚರ್ಚಿಗೆ ಬಾ ಎಂದು ಒತ್ತಾಯಿಸಬೇಡಿ, ಈ ಕಾರ್ಡನ್ನೂ ಅವನ ಮುಂದೆ ಹಿಡಿಯಬೇಡಿ. ತಂದೆಯ ವಿಶ್ವಾಸವನ್ನೋ ತಾಯಿಯ ವಿಶ್ವಾಸವನ್ನೋ ಜನ ಹೀಗಳೆದದ್ದನ್ನು ಅವನು ಕೇಳಿಸಿಕೊಂಡಿದ್ದರೆ ಅವನ ಸಿಟ್ಟಿಗೆ ನ್ಯಾಯವಿದೆ. ಅದನ್ನು ಅವನಿಗೆ ಬಾಯಿಬಿಟ್ಟು ಹೇಳಿ. ಅವನು ಒಪ್ಪಿದ ಒಂದು ಸಂಜೆ 102ನೆಯ ಕೀರ್ತನೆಯ ಮೊದಲ ಹನ್ನೊಂದು ವಚನಗಳನ್ನು ಇಬ್ಬರೂ ಗಟ್ಟಿಯಾಗಿ ಓದಿ, ಅಷ್ಟಕ್ಕೇ ನಿಲ್ಲಿಸಿ. ಉಳಿದದ್ದನ್ನು ಅವನಾಗಿಯೇ ಕೇಳುವ ದಿನಕ್ಕೆ ಬಿಡಿ. ಅಲ್ಲಿಯವರೆಗೆ ಆ ಮುಂದಿನ ವಚನಗಳನ್ನು ಅವನ ಪರವಾಗಿ ನೀವು ಓದುತ್ತಿರಿ. ನಿಮಗೂ ಓದಲಾಗದ ದಿನ ಸಭೆಯಲ್ಲಿ ನಿಮ್ಮನ್ನು ಪ್ರೀತಿಸುವ ಯಾರಾದರೂ ಒಬ್ಬರಿಗೆ ಓದಲು ಹೇಳಿ, ನೀವು ಸುಮ್ಮನೆ ಕೇಳುತ್ತಾ ಕುಳಿತಿರಿ.