ಓದುಗರ ಪ್ರಶ್ನೆ: ಇಬ್ಬರದೂ ಸರಿಯಾದರೆ ನೆಲ ಯಾರದು?

ಪ್ರಶ್ನೆ: ಎರಡೂ ದೇಶಗಳ ಮಾತು ಸರಿ ಎಂದುಬಿಟ್ಟರೆ ಗಡಿ ಜಗಳ ಮುಗಿಯುವುದು ಹೇಗೆ? ಒಂದೇ ವಸ್ತುವಿಗೆ ಹಲವು ಮುಖಗಳಿವೆ ಎನ್ನುವ ಜೈನರ ಅನೇಕಾಂತವಾದ ಇಲ್ಲಿ ಏನು ಮಾಡೀತು?

ಉತ್ತರ: ‘ಇಬ್ಬರದೂ ಸರಿ’ ಎನ್ನುವುದು ಅನೇಕಾಂತವಲ್ಲ, ಪಂಚಾಯ್ತಿ ಮಾಡುವವನ ಸೋಮಾರಿತನ. ಈ ವಾದದಲ್ಲಿ ಮಾತಿನ ಮುಂದೆ ಹಚ್ಚುವ ‘ಸ್ಯಾತ್’ ಎಂದರೆ ‘ಇದ್ದರೂ ಇರಬಹುದು’ ಎಂದಲ್ಲ, ‘ಇಂಥ ಅಪೇಕ್ಷೆಯಿಂದ’, ಅಂದರೆ ಇಂಥ ದೃಷ್ಟಿಯಿಂದ ಎಂದು. ಆ ಅಪೇಕ್ಷೆಯನ್ನು ಬಿಡಿಸಿ ಹೇಳಲು ದ್ರವ್ಯ (ಯಾವ ವಸ್ತು), ಕ್ಷೇತ್ರ (ಎಲ್ಲಿ), ಕಾಲ (ಯಾವಾಗ), ಭಾವ (ಯಾವ ಸ್ಥಿತಿಯಲ್ಲಿ) ಎಂಬ ನಾಲ್ಕು ಅಳತೆಗಳಿವೆ. ಎರಡೂ ಕಡೆಯ ಬೇಡಿಕೆಗಳನ್ನು ಬರೆದು, ಪ್ರತಿಯೊಂದಕ್ಕೂ ಈ ನಾಲ್ಕನ್ನು ಹಚ್ಚಿ ನೋಡಿ. ಢಿಕ್ಕಿ ಎಲ್ಲಿದೆಯೆಂದು ಆಗ ಕಾಣುತ್ತದೆ. ಅನೇಕ ಸಲ ಅದು ನಾವು ಅಂದುಕೊಂಡ ಜಾಗದಲ್ಲಿ ಇರುವುದಿಲ್ಲ.

ಈಜಿಪ್ಟ್, ಇಸ್ರೇಲ್ ನಡುವೆ ಅಮೆರಿಕದಲ್ಲಿ ನಡೆದ 1978ರ ಕ್ಯಾಂಪ್ ಡೇವಿಡ್ ಮಾತುಕತೆ ನೋಡಿ. (‘ಸ್ಯಾತ್’ ಹಚ್ಚಿ ಮಾತಾಡುವ ಸ್ಯಾದ್ವಾದದಿಂದ ಹುಟ್ಟಿದ್ದಲ್ಲ, ಕ್ರಮ ಮಾತ್ರ ಹೋಲುತ್ತದೆ.) ಇಸ್ರೇಲ್ 1967ರಲ್ಲಿ ಹಿಡಿದುಕೊಂಡಿದ್ದ ಈಜಿಪ್ಟಿನ ಸಿನಾಯ್‌ನಲ್ಲಿ ಗೆರೆ ಎಲ್ಲಿ ಎಂದು ಕೇಳಿದಷ್ಟು ಹೊತ್ತು ದಾರಿಯಿರಲಿಲ್ಲ. ಈಜಿಪ್ಟ್ ಕೇಳುತ್ತಿದ್ದುದು ಒಡೆತನ. ಇಸ್ರೇಲಿನ ಭಯ ಗಡಿಯಂಚಿಗೆ ಬರುವ ಸೇನೆಯದು. ಬೇಡಿಕೆಯ ವಸ್ತುವೇ ಬೇರೆ ಬೇರೆ! 1979ರ ಒಪ್ಪಂದ ನೆಲವನ್ನು ಈಜಿಪ್ಟಿಗೆ ಕೊಟ್ಟು, ಅದರೊಳಗೆ ಮೂರು ವಲಯ ಮಾಡಿ ಸೇನೆಗೆ ಮಿತಿ ಹಾಕಿತು. ಗಡಿಗೆ ತಾಗಿದ ವಲಯದಲ್ಲಿ ವಿಶ್ವಸಂಸ್ಥೆಯ ಪಡೆ ಮತ್ತು ಈಜಿಪ್ಟಿನ ನಾಗರಿಕ ಪೊಲೀಸರಷ್ಟೇ ಇರಬೇಕೆಂದಿತು. ಸೇನೆ ಹಿಂತೆಗೆತಕ್ಕೆ ಮೂರು ವರ್ಷದ ಕಂತು.

ಪ್ರಶ್ನೆ: ಸ್ಯಾದ್ವಾದದ ಏಳು ಬಗೆಯ ಹೇಳಿಕೆಗಳಾದ ಸಪ್ತಭಂಗಿಯ ‘ಅವಕ್ತವ್ಯ’ ಎಂದರೆ ಮಾತು ತೇಲಿಸುವುದೇ?

ಉತ್ತರ: ಅಲ್ಲ. ‘ಇದೆ’, ‘ಇಲ್ಲ’ ಎರಡನ್ನೂ ಏಕಕಾಲಕ್ಕೆ ಹೇಳುವ ಪದವಿಲ್ಲವೆಂದು ಬಾಯಿಬಿಟ್ಟು ಒಪ್ಪುವುದು ಅವಕ್ತವ್ಯ. 1959ರ ಅಂಟಾರ್ಕ್ಟಿಕ ಒಪ್ಪಂದದ 4ನೇ ವಿಧಿ ಹೆಚ್ಚುಕಡಿಮೆ ಇದನ್ನೇ ಮಾಡಿತು: ಏಳು ದೇಶಗಳು ಅಲ್ಲಿ ನೆಲ ತಮ್ಮದೆನ್ನುತ್ತವೆ, ಸಹಿ ಹಾಕಿದ್ದರಿಂದ ಯಾರ ಹಕ್ಕೂ ಬಿಟ್ಟುಹೋಗದು, ಯಾರ ಹಕ್ಕನ್ನೂ ಒಪ್ಪಿದಂತಾಗದು, ಹೊಸ ಹಕ್ಕು ಹೂಡುವಂತಿಲ್ಲ. ಬ್ರಿಟನ್, ಅರ್ಜೆಂಟೀನ, ಚಿಲಿಗಳ ಪಾಲು ಒಂದರ ಮೇಲೊಂದು ಬಿದ್ದಿದ್ದರೂ ಒಪ್ಪಂದ ನಿಂತಿದೆ.

ತೇಲಿಸಿದ್ದಕ್ಕೆ ಉದಾಹರಣೆ ಭದ್ರತಾ ಮಂಡಳಿಯ 1967ರ 242ನೇ ನಿರ್ಣಯ. ಇಸ್ರೇಲ್ ಸೇನೆ ಎಲ್ಲಿಂದ ಹಿಂದೆ ಸರಿಯಬೇಕು ಎಂಬುದಕ್ಕೆ ಇಂಗ್ಲಿಷ್ ಪಾಠದಲ್ಲಿ ‘ಆಕ್ರಮಿತ ಪ್ರದೇಶಗಳಿಂದ’ ಎಂದಷ್ಟೇ ಇದೆ, ‘ಎಲ್ಲ’ ಎಂದಿಲ್ಲ. ಫ್ರೆಂಚ್ ಪಾಠವನ್ನು ‘ಎಲ್ಲ’ ಎಂದೇ ಓದಬಹುದು. ತಮಗೆ ಬೇಕಾದಂತೆ ಓದಿಕೊಂಡು ಇಂದಿಗೂ ಜಗಳವಾಡುತ್ತಾರೆ. ಅಸ್ಪಷ್ಟತೆಯನ್ನು ಬರೆದು ಒಪ್ಪಿದರೆ ಅವಕ್ತವ್ಯ, ಮುಚ್ಚಿಟ್ಟರೆ ಸಾಲ.

ಪ್ರಶ್ನೆ: ದಾಳಿ ಮಾಡಿದವನಿಗೂ ಒಂದು ದೃಷ್ಟಿಯಿದೆ ಎಂದು ಬಿಟ್ಟುಬಿಡಬೇಕೇ?

ಉತ್ತರ: ಬೇಡ. ಉಳಿದ ನಯಗಳನ್ನು (ದೃಷ್ಟಿಕೋನಗಳನ್ನು) ಅಲ್ಲಗಳೆದು ತನ್ನದೇ ಸತ್ಯವೆನ್ನುವ ನಯಕ್ಕೆ ಜೈನರು ‘ದುರ್ನಯ’ ಎಂದೇ ಹೆಸರಿಟ್ಟಿದ್ದಾರೆ. ‘ಸ್ಯಾತ್’ ಸೂತ್ರದ ಪೂರ್ಣರೂಪ ‘ಸ್ಯಾದಸ್ತ್ಯೇವ’, ಅಂದರೆ ‘ಈ ದೃಷ್ಟಿಯಿಂದ ಇದ್ದೇ ಇದೆ’. ‘ಖಂಡಿತ’ ಎನ್ನುವ ಕೊನೆಯ ‘ಏವ’ವನ್ನು ಮರೆಯುವವರೇ ಹೆಚ್ಚು. ಯಾವ ದಿನ, ಯಾವ ಗೆರೆಯನ್ನು, ಯಾರ ಸೇನೆ ದಾಟಿತು ಎಂದು ಕಾಲ, ಕ್ಷೇತ್ರ ಗೊತ್ತುಮಾಡಿದ ಮೇಲೆ ಉತ್ತರ ‘ದಾಟಿದ್ದೇ ಹೌದು’.